ಫೈಲ್ ಮುಟ್ಟದೆ ಏಳು ಕೆಜಿ: ಪ್ಯಾರಾಮೋಟರ್ ಎಂಜಿನ್‌ನ ಕಳೆದುಹೋದ ಶಕ್ತಿ ಹುಡುಕುವುದು ಹೇಗೆ

ಮೊನ್ನೆ ಅಕ್ಕನ ಮಗ ತನ್ನ ಆರ್‌ಎಕ್ಸ್ 100ರ ಸಿಲಿಂಡರ್ ಬ್ಲಾಕ್ ಹಿಡಿದುಕೊಂಡು ಬಂದ. ಪೋರ್ಟ್‌ಗೆ, ಅಂದರೆ ಸಿಲಿಂಡರಲ್ಲಿ ಮಿಶ್ರಣವೂ ಹೊಗೆಯೂ ಓಡಾಡುವ ಕಿಂಡಿಗೆ, ಫೈಲ್ (ಅರ) ಹೊಡೆಸಿದ್ದ. "ಮಾವ, ನಿಮ್ಮ ಪ್ಯಾರಾಮೋಟರ್‌ಗೂ ಹೀಗೇ ಮಾಡಿಬಿಡೋಣ. ಮೇಲಕ್ಕೆ ಕಿತ್ಕೊಂಡು ಹೋಗುತ್ತೆ" ಅಂದ. (ಪ್ಯಾರಾಮೋಟರ್ ಅಂದರೆ ಬೆನ್ನಿಗೆ ಎಂಜಿನ್, ಪ್ರೊಪೆಲ್ಲರ್ ಕಟ್ಟಿಕೊಂಡು ಪ್ಯಾರಾಚೂಟಿನಂಥ ರೆಕ್ಕೆಯಲ್ಲಿ ಹಾರುವ ಸಾಧನ.) ನಾನು ಅವನಿಗೆ ಕಾಫಿ ಕೊಟ್ಟು, ಫೈಲನ್ನು ತೆಗೆದು ಅಟ್ಟದ ಮೇಲಿಟ್ಟೆ.

ನನಗೂ ಆ ಚಟ ಗೊತ್ತಿಲ್ಲದ್ದೇನಲ್ಲ. ನಾನು ಮೈಸೂರಿನವನು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬಂಡಿಗಳು ಹೊರಬಂದವು. ನನ್ನ ಸೋದರಮಾವನ ಗ್ಯಾರೇಜಲ್ಲಿ ಅವುಗಳ ಹೊಗೆ ಕುಡಿದೇ ಬೆಳೆದೆ. ಟೂ-ಸ್ಟ್ರೋಕ್ ಎಂಜಿನ್ ಕಂಡರೆ ಬಿಚ್ಚಬೇಕು ಅಂತ ಕೈ ತುರಿಸುತ್ತದೆ. ಆದರೆ ಬೈಕಿಗೂ ಪ್ಯಾರಾಮೋಟರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಬೈಕಲ್ಲಿ ಫುಲ್ ಥ್ರಾಟಲ್ ಕೊಡುವುದು ಹತ್ತು ಸೆಕೆಂಡು, ಅಷ್ಟರಲ್ಲಿ ಹಂಪ್ ಬರುತ್ತದೆ. ಪ್ಯಾರಾಮೋಟರಲ್ಲಿ ಟೇಕಾಫ್ ಆದಮೇಲೆ ಎರಡು ಮೂರು ನಿಮಿಷ ಪೂರ್ತಿ ಹಿಂಡಿ ಏರುತ್ತೀವಿ. ಆಮೇಲೂ ಒಂದು ಗಂಟೆ ಅರ್ಧಕ್ಕಿಂತ ಜಾಸ್ತಿ ಹೊರೆಯಲ್ಲೇ ಓಡುತ್ತದೆ. ಬೈಕ್ ಸೀಜ್ ಆದರೆ, ಅಂದರೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ನಿಂತರೆ, ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಬಹುದು. ಇಪ್ಪತ್ತು ಮೀಟರ್ ಎತ್ತರದಲ್ಲಿ, ಎದುರಿಗೆ ಕರೆಂಟ್ ತಂತಿ ಇರುವಾಗ ಸೀಜ್ ಆದರೆ ಯಾವ ಪಕ್ಕಕ್ಕೆ ನಿಲ್ಲಿಸುತ್ತೀರಿ?

ನನ್ನದು ಇಟಲಿಯ 185 ಸಿಸಿ ಎಂಜಿನ್, ಸೆಕೆಂಡ್ ಹ್ಯಾಂಡ್. ಕಾಗದದ ಮೇಲೆ ಥ್ರಸ್ಟ್, ಅಂದರೆ ಪ್ರೊಪೆಲ್ಲರ್ ಮುಂದಕ್ಕೆ ನೂಕುವ ಬಲ, 75 ಕೆಜಿ. ತಂದ ಹೊಸದರಲ್ಲಿ ಅಳೆದಾಗ ಸಿಕ್ಕಿದ್ದು 57. ಈಗ 64. ಪೋರ್ಟ್ ಕೆರೆದಿಲ್ಲ, ಹೆಡ್ ತೇಯ್ದಿಲ್ಲ, ಸೈಲೆನ್ಸರ್ ಕತ್ತರಿಸಿಲ್ಲ. ರಬ್ಬರು, ಗ್ಯಾಸ್ಕೆಟ್ಟು ಅಂತ ಆರು ಸಾವಿರ ರೂಪಾಯಿ ಖರ್ಚಾಯಿತು, ಅಷ್ಟೇ. ಆ ಏಳು ಕೆಜಿ ಎಲ್ಲೆಲ್ಲಿ ಸಿಕ್ಕಿತು ಅಂತ ಹೇಳುತ್ತೇನೆ.

ಮೊದಲು ತೂಕ ಹಾಕಿ

"ಈಗ ಚೆನ್ನಾಗಿ ಎಳೀತಿದೆ" ಅನ್ನುವುದು ಅಳತೆ ಅಲ್ಲ. ಬೆಳಗಿನ ತಂಪಲ್ಲಿ ಎಲ್ಲ ಎಂಜಿನ್ನೂ ಚೆನ್ನಾಗಿ ಎಳೆಯುತ್ತದೆ.

ನಾನು ಮಾಡಿಕೊಂಡ ವ್ಯವಸ್ಥೆ ಇದು. ನಾಲ್ಕು ಚಕ್ರದ ಒಂದು ತಗ್ಗು ಟ್ರಾಲಿ. ಅದರ ಮೇಲೆ ಪ್ಯಾರಾಮೋಟರ್ ಫ್ರೇಮನ್ನು ಬೋಲ್ಟ್ ಹಾಕಿ ಬಿಗಿದಿದ್ದೇನೆ. ಟ್ರಾಲಿಯ ಮುಂದಕ್ಕೆ ಒಂದೂವರೆ ಮೀಟರ್ ಉದ್ದದ ಕಬ್ಬಿಣದ ಪೈಪು ಚಾಚಿದೆ. ತೋಟದ ಕಲ್ಲುಕಂಬಕ್ಕೆ ಹಳೇ ಸ್ಪ್ರಿಂಗ್ ತೂಕದ ಯಂತ್ರವನ್ನು, ಅಂದರೆ ನಿಂತು ತೂಕ ನೋಡಿಕೊಳ್ಳುತ್ತೀವಲ್ಲ ಅದನ್ನು, ಅಡ್ಡಲಾಗಿ ಕಟ್ಟಿದ್ದೇನೆ. ಎಂಜಿನ್ ಓಡಿದಾಗ ಪೈಪು ಹೋಗಿ ಅದನ್ನು ಒತ್ತುತ್ತದೆ. ಮುಳ್ಳು ತೋರಿಸಿದ್ದೇ ಥ್ರಸ್ಟ್. ಟ್ರಾಲಿ ಎಲ್ಲೂ ಓಡಿಹೋಗದ ಹಾಗೆ ಹಿಂದಕ್ಕೆ ಎರಡು ಗೂಟ ಹೊಡೆದು, ಹಗ್ಗವನ್ನು ನೆಲಕ್ಕೆ ಅಂಟಿದಂತೆ ಕಟ್ಟಬೇಕು. ಹಗ್ಗ ಪ್ರೊಪೆಲ್ಲರ್ ಹತ್ತಿರವೂ ಸುಳಿಯಬಾರದು.

ಒಬ್ಬರೇ ಇದನ್ನು ಮಾಡಬೇಡಿ. ಒಬ್ಬರ ಕೈಯಲ್ಲಿ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಇರಲಿ, ಇನ್ನೊಬ್ಬರು ಮುಳ್ಳು ಓದಲಿ. ಪ್ರೊಪೆಲ್ಲರ್ ಮುರಿದರೆ ಚೂರು ಹಾರುವುದು ಪಕ್ಕಕ್ಕೆ. ಹಾಗಾಗಿ ಅದು ತಿರುಗುವ ನೇರದಲ್ಲಿ ಎಡಕ್ಕೂ ಬಲಕ್ಕೂ ಯಾರೂ ಇರಬಾರದು, ನಾಯಿಯೂ ಇರಬಾರದು. ಸ್ಟಾರ್ಟ್ ಮಾಡುವ ಮುಂಚೆ ಪ್ರತಿ ಸಲ ಥ್ರಾಟಲ್ ಬಿಟ್ಟಾಗ ಕಾರ್ಬುರೇಟರಿನ ಲಿವರ್ ಪೂರ್ತಿ ವಾಪಸ್ ಬರುತ್ತದಾ ಅಂತ ಕಣ್ಣಿಂದ ನೋಡಿ. ಈ ಹವ್ಯಾಸದಲ್ಲಿ ಕೈಬೆರಳು ಕಳೆದುಕೊಂಡವರಲ್ಲಿ ಹೆಚ್ಚಿನವರು ಆಕಾಶದಲ್ಲಿ ಕಳೆದುಕೊಂಡಿದ್ದಲ್ಲ, ನೆಲದ ಮೇಲೆ ನಿಂತು ಎಂಜಿನ್ ಸ್ಟಾರ್ಟ್ ಮಾಡುವಾಗ.

ಇನ್ನು ಆ 75 ಕೆಜಿಯ ಮಾತು. ಅದು ಸಮುದ್ರ ಮಟ್ಟದ ತಂಪು ಗಾಳಿಯ ಲೆಕ್ಕ ಅಂದುಕೊಳ್ಳಿ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. 30 ಡಿಗ್ರಿ ಬಿಸಿಲಿದ್ದರೆ ಇಲ್ಲಿನ ಗಾಳಿ ನೂರಕ್ಕೆ 13ರಷ್ಟು ತೆಳು. ಬೆಂಗಳೂರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ನನ್ನ ಎಂಜಿನ್ ಹೊಚ್ಚ ಹೊಸದಾಗಿದ್ದರೂ ಇಲ್ಲಿ ಕೊಡುವುದು 65 ಕೆಜಿ ಆಸುಪಾಸು. ನಾನು ಬೆನ್ನಟ್ಟಬೇಕಾದ ಅಂಕಿ 75 ಅಲ್ಲ, 65.

ಇಲ್ಲಿ ಟ್ಯಾಕೋಮೀಟರ್, ಅಂದರೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ತೋರಿಸುವ ಮೀಟರ್, ನಿಮಗೆ ಮೋಸ ಮಾಡುತ್ತದೆ. ಗಾಳಿ ತೆಳುವಾದರೆ ಎಂಜಿನ್ ಶಕ್ತಿ ಇಳಿಯುತ್ತದೆ, ನಿಜ. ಆದರೆ ಅದೇ ತೆಳು ಗಾಳಿಯಲ್ಲಿ ಪ್ರೊಪೆಲ್ಲರ್ ತಿರುಗಿಸುವುದೂ ಹಗುರ. ಎರಡೂ ಸಮ ಆಗಿ ಆರ್‌ಪಿಎಂ ಹೆಚ್ಚುಕಮ್ಮಿ ಅಷ್ಟೇ ತೋರಿಸುತ್ತದೆ. ಥ್ರಸ್ಟ್ ಮಾತ್ರ ಕಡಿಮೆ ಇರುತ್ತದೆ. ಅದಕ್ಕೇ ತೂಕದ ಯಂತ್ರ ಬೇಕು. ಒಂದು ನೋಟ್ ಬುಕ್ ಇಟ್ಟು ದಿನಾಂಕ, ಹೊತ್ತು, ಉಷ್ಣಾಂಶ, ಆರ್‌ಪಿಎಂ, ಹೆಡ್ ಟೆಂಪರೇಚರ್ (ಸಿಲಿಂಡರಿನ ಮೇಲ್ಮುಚ್ಚಳದ ಬಿಸಿ), ಥ್ರಸ್ಟ್ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಅಮ್ಮನ ಬಿಪಿ ಮೆಷಿನ್

ಟೂ-ಸ್ಟ್ರೋಕ್ ಎಂಜಿನ್‌ನ ಕ್ರ್ಯಾಂಕ್‌ಕೇಸ್, ಅಂದರೆ ಸಿಲಿಂಡರಿನ ಕೆಳಗಿನ ಪೆಟ್ಟಿಗೆ, ಒಂದು ಪಂಪು ಇದ್ದ ಹಾಗೆ. ಪೆಟ್ರೋಲ್ ಮಿಶ್ರಣವನ್ನು ಅದೇ ಎಳೆದುಕೊಂಡು ಅದೇ ಮೇಲಕ್ಕೆ ತಳ್ಳುತ್ತದೆ. ಪಂಪಲ್ಲಿ ತೂತಿದ್ದರೆ ಕಾರ್ಬುರೇಟರ್ ದಾಟಿಸಿ ಬರೀ ಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಪೆಟ್ರೋಲ್ ಜೊತೆ ಬರಬೇಕಾದ ಆಯಿಲ್ಲೂ ಕಡಿಮೆ. ಎಂಜಿನ್ ಕಾಯುತ್ತದೆ, ಕೊನೆಗೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಥ್ರಾಟಲ್ ಬಿಟ್ಟಮೇಲೂ ಆರ್‌ಪಿಎಂ ತಕ್ಷಣ ಇಳಿಯದೆ ಮೇಲೇ ತೇಲುತ್ತಿದೆಯಾ? ಐಡಲಿಂಗ್ (ಥ್ರಾಟಲ್ ಮುಟ್ಟದೆ ಸುಮ್ಮನೆ ಓಡುವುದು) ದಿನಕ್ಕೊಂದು ಥರ ಇದೆಯಾ? ಪೆಟ್ರೋಲ್ ಪ್ರಮಾಣ ಹೊಂದಿಸುವ ಕಾರ್ಬುರೇಟರ್ ಸೂಜಿ ಮುಟ್ಟಬೇಡಿ. ಮೊದಲು ಲೀಕ್ ನೋಡಿ.

ಇದಕ್ಕೆ ವಿಶೇಷ ಕಿಟ್ ಮಾರುತ್ತಾರೆ. ನಾನು ಬಳಸಿದ್ದು ಅಮ್ಮನ ಹಳೇ ಬಿಪಿ ಮೆಷಿನ್. ಅದರ ತೋಳುಪಟ್ಟಿ ಹರಿದಿತ್ತು, ಆದರೆ ರಬ್ಬರ್ ಬಲ್ಬೂ ಗಡಿಯಾರದಂಥ ಡಯಲ್ಲೂ ಚೆನ್ನಾಗಿದ್ದವು. ಡಯಲ್ 300 ಎಂಎಂವರೆಗೆ ತೋರಿಸುತ್ತದೆ. ಅದು 0.4 ಬಾರ್, ನಮ್ಮ ಕೆಲಸಕ್ಕೆ ಸರಿಯಾಗಿ ಬೇಕಾದಷ್ಟು. ಅದಕ್ಕಿಂತ ಜಾಸ್ತಿ ಒತ್ತಡ ಕೊಟ್ಟರೆ ಕ್ರ್ಯಾಂಕ್‌ನ ಆಯಿಲ್ ಸೀಲ್ ಕಿತ್ತುಬರಬಹುದು. ಕಂಪ್ರೆಸರ್ ಮಾತ್ರ ತರಬೇಡಿ.

ಎಂಜಿನ್ ತಣ್ಣಗಿರಲಿ. ಕಾರ್ಬುರೇಟರ್ ಬಿಚ್ಚಿ, ಆ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಮೇಲೊಂದು ಅಲ್ಯೂಮಿನಿಯಂ ತಗಡು ಇಟ್ಟು ಬೋಲ್ಟ್ ಬಿಗಿಯಿರಿ. ಕಾರ್ಬುರೇಟರನ್ನು ಎಂಜಿನ್‌ಗೆ ಜೋಡಿಸುವ ಇನ್‌ಟೇಕ್ ರಬ್ಬರ್ ಮಾತ್ರ ಜಾಗದಲ್ಲೇ ಇರಲಿ, ಅದನ್ನೂ ಪರೀಕ್ಷೆ ಮಾಡಬೇಕು. ಸೈಲೆನ್ಸರ್ ಬಿಚ್ಚಿ ಎಗ್ಸಾಸ್ಟ್ ಬಾಯಿಗೂ ಹಾಗೇ ಮುಚ್ಚಳ ಹಾಕಿ. ಪ್ಲಗ್ ಜಾಗದಲ್ಲೇ ಇರಲಿ. ಕ್ರ್ಯಾಂಕ್‌ಕೇಸಿಂದ ಕಾರ್ಬುರೇಟರ್‌ಗೆ ಒಂದು ಸಣ್ಣ ಪಲ್ಸ್ ಪೈಪ್ ಬರುತ್ತದೆ. ಅದನ್ನು ಕಿತ್ತು, ಆ ನಿಪ್ಪಲ್‌ಗೆ ಬಿಪಿ ಮೆಷಿನ್ ಟ್ಯೂಬ್ ಸಿಕ್ಕಿಸಿ. ಪಿಸ್ಟನ್ ಕೆಳಗಿರುವ ಹಾಗೆ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ. ಆಗ ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದೇ ಕೋಣೆ ಆಗುತ್ತವೆ. ಈಗ ಪಂಪ್ ಹೊಡೆಯಿರಿ. 300ಕ್ಕೆ ತಂದು ಬಿಟ್ಟು, ಒಂದು ಲೋಟ ಕಾಫಿ ಕುಡಿಯಿರಿ. ಐದಾರು ನಿಮಿಷಕ್ಕೆ ಮುಳ್ಳು ಅಲ್ಲೇ ಅಥವಾ ಸ್ವಲ್ಪ ಕೆಳಗಿದ್ದರೆ ಸರಿ.

ನನ್ನದು ಕಾಫಿ ಬಟ್ಟಲು ಎತ್ತುವಷ್ಟರಲ್ಲಿ ಸೊನ್ನೆ. ಒಂದು ರೂಪಾಯಿ ಶಾಂಪೂ ಪ್ಯಾಕೆಟನ್ನು ನೀರಲ್ಲಿ ಕಲಸಿ ಬ್ರಷ್ಷಲ್ಲಿ ಎಲ್ಲಾ ಕಡೆ ಹಚ್ಚಿದೆ. ಇನ್‌ಟೇಕ್ ರಬ್ಬರಿನ ಕೆಳಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಅಕ್ಕಿಕಾಳಿನಷ್ಟು ಬಿರುಕು. ಅಲ್ಲಿಂದ ಗುಳ್ಳೆ ಬುರುಬುರು ಅಂತ ಎದ್ದಿತು. ಹೊಸ ರಬ್ಬರ್ ಹಾಕಿ ಮತ್ತೆ ತೂಕ ಹಾಕಿದರೆ 57 ಇದ್ದದ್ದು 60. ಅದಕ್ಕಿಂತ ಮುಖ್ಯ, ಫುಲ್ ಥ್ರಾಟಲಲ್ಲಿ 212 ಡಿಗ್ರಿ ತೋರಿಸುತ್ತಿದ್ದ ಹೆಡ್ ಟೆಂಪರೇಚರ್ 195ಕ್ಕೆ ಇಳಿಯಿತು. ಮುಂಚೆ ಇದರ ಮಾಲೀಕರಾಗಿದ್ದವರು ಹತ್ತಾರು ಗಂಟೆ ಹಾಗೇ ಹಾರಿದ್ದರು. ಅವರ ಪುಣ್ಯ ದೊಡ್ಡದು.

ಒಂದು ಮಾತು. ಕೆಲವು ಆಯಿಲ್ ಸೀಲ್‌ಗಳು ಒತ್ತಡ ತಡೆಯುತ್ತವೆ, ಆದರೆ ಒಳಗಿಂದ ಎಳೆದರೆ ಸೋರುತ್ತವೆ. ಅನುಮಾನ ಇದ್ದರೆ ಕಾರ್ ಗ್ಯಾರೇಜಲ್ಲಿ ಬ್ರೇಕ್ ಬ್ಲೀಡ್ ಮಾಡುವ ವ್ಯಾಕ್ಯೂಮ್ ಕೈಪಂಪ್ ಇರುತ್ತದೆ, ಕಡ ತಂದು ಅದರಿಂದಲೂ ನೋಡಿ. ಫ್ಲೈವೀಲ್ ಹಿಂದಿನ ಸೀಲ್ ಹೋಗಿದ್ದರೆ ಹೊರಗಿಂದ ಯಾವ ಗುರುತೂ ಸಿಗುವುದಿಲ್ಲ.

ಡಬ್ಬಿಯಲ್ಲಿರುವುದು ಏನು

ಈಗ ಬಂಕಲ್ಲಿ ಸಿಗುವ ಮಾಮೂಲಿ ಪೆಟ್ರೋಲ್ ಅಂದರೆ ಇ20, ನೂರಕ್ಕೆ 20 ಪಾಲು ಎಥನಾಲ್. ನಮ್ಮ ಎಂಜಿನ್‌ಗಳಿಗೆ ಇದರಿಂದ ಮೂರು ತೊಂದರೆ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಹಾಗಾಗಿ ಹಳೇ ಪೆಟ್ರೋಲಿಗೆ ಹೊಂದಿಸಿದ್ದ ಕಾರ್ಬುರೇಟರಲ್ಲಿ ಇ20 ಹಾಕಿದರೆ ಮಿಶ್ರಣ ನೂರಕ್ಕೆ ಏಳೆಂಟು ಪಾಲು ಲೀನ್ ಆಗುತ್ತದೆ. ಎರಡನೆಯದು, ಅದು ಗಾಳಿಯಿಂದ ನೀರು ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಡಬ್ಬಿ ತಿಂಗಳುಗಟ್ಟಲೆ ಇಟ್ಟರೆ ತಳದಲ್ಲಿ ನೀರು ಎಥನಾಲ್ ಬೇರೆ ಆಗಿ ಕೂರುತ್ತದೆ. ಟ್ಯಾಂಕಿನ ಪೈಪು ಎಳೆಯುವುದೂ ತಳದಿಂದಲೇ, ಅಲ್ವಾ? ಮೂರನೆಯದು, ಹಳೇ ರಬ್ಬರ್ ಪೈಪು, ಕಾರ್ಬುರೇಟರಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಉಬ್ಬುತ್ತವೆ, ಆಮೇಲೆ ಗಡಸಾಗುತ್ತವೆ.

ನಿಮ್ಮ ಬಂಕಿನ ಪೆಟ್ರೋಲಲ್ಲಿ ಎಥನಾಲ್ ಎಷ್ಟಿದೆ ಅಂತ ನೋಡಬೇಕಾ? ಗೆರೆ ಇರುವ ಉದ್ದನೆ ಗಾಜಿನ ಅಳತೆ ಪಾತ್ರೆ ತಗೊಳ್ಳಿ. 100 ಮಿಲಿ ಪೆಟ್ರೋಲ್, 20 ಮಿಲಿ ನೀರು. ಬಾಯಿ ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ಎಥನಾಲ್ ಇಳಿದು ನೀರಿನ ಜೊತೆ ಸೇರುತ್ತದೆ. ಕೆಳಗಿನ ಪದರ 20 ಇದ್ದದ್ದು 40ರ ಹತ್ತಿರ ಬಂದರೆ ಅದು ಇ20. ಆ ಪೆಟ್ರೋಲನ್ನು ವಾಪಸ್ ಡಬ್ಬಿಗೆ ಸುರಿಯಬೇಡಿ.

ನಾನು ಮಾಡುವುದಿಷ್ಟು. ಹಾರುವ ಹಿಂದಿನ ದಿನ ಅಥವಾ ಅದೇ ಬೆಳಿಗ್ಗೆ ಪೆಟ್ರೋಲ್ ತರುತ್ತೇನೆ. ಸಿಂಥೆಟಿಕ್ ಟೂ-ಟಿ ಆಯಿಲ್ ಹತ್ತು ಲೀಟರಿಗೆ 250 ಮಿಲಿ, ಅಂದರೆ ಎರಡೂವರೆ ಪರ್ಸೆಂಟ್. ಅಂದಾಜಿಗೆ ಸುರಿಯುವ ಮಾತು ಬೇಡ, ಸೂಜಿ ಇಲ್ಲದ ದೊಡ್ಡ ಸಿರಿಂಜ್ ಬಳಸಿ. ನಿಮ್ಮ ಎಂಜಿನ್ ಮ್ಯಾನುಯಲ್ ಬೇರೆ ಹೇಳಿದರೆ ಅದರ ಮಾತು ಕೇಳಿ. ಉಳಿದ ಮಿಶ್ರಣವನ್ನು ಸಂಜೆ ಅಕ್ಕನ ಮಗನ ಆರ್‌ಎಕ್ಸ್‌ಗೆ ಸುರಿಯುತ್ತೇನೆ. ಅವನಿಗೂ ಖುಷಿ. ಎಥನಾಲ್ ಇರುವ ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಲ್ಲಿ ಇಡುವುದಂತೂ ಇಲ್ಲ.

ಎರಡು ಸೂಜಿಯ ಕಾರ್ಬುರೇಟರ್

ಯೆಜ್ಡಿಯದ್ದು ಫ್ಲೋಟ್ ಇರುವ ಕಾರ್ಬುರೇಟರ್. ಪ್ಯಾರಾಮೋಟರಲ್ಲಿ ಹೆಚ್ಚಾಗಿ ಡಯಾಫ್ರಾಮ್ ಇರುವ ವಾಲ್‌ಬ್ರೋ ಕಂಪನಿಯದ್ದು. ನನ್ನದರಲ್ಲಿರುವುದು ಡಬ್ಲ್ಯೂಬಿ-37. ಇದರಲ್ಲಿ ಎರಡು ಸೂಜಿ: ಎಲ್, ಎಚ್. ಎಲ್ ಐಡಲಿಂಗ್‌ಗೆ ಮತ್ತು ಥ್ರಾಟಲ್ ಎತ್ತುವಾಗ. ಎಚ್ ಮೇಲಿನ ವೇಗಕ್ಕೆ. ಬಲಕ್ಕೆ ಬಿಗಿದರೆ ಲೀನ್, ಎಡಕ್ಕೆ ಬಿಚ್ಚಿದರೆ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ.

ಸೂಜಿ ಮುಟ್ಟುವ ಮುಂಚೆ ಡಯಾಫ್ರಾಮ್ ಕಿಟ್ ಬದಲಾಯಿಸಿ. ಹಳೆಯದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಹಪ್ಪಳದ ಹಾಗೆ ಸದ್ದು ಮಾಡಿದರೆ ಅದರ ಆಯಸ್ಸು ಮುಗಿದಿದೆ. ನಾನು ವರ್ಷಕ್ಕೊಂದು ಸಲ, ಮಳೆಗಾಲ ಮುಗಿದಮೇಲೆ ಹಾಕುತ್ತೇನೆ. ಒಳಗಿನ ಪುಟ್ಟ ಲಿವರಿನ ಎತ್ತರ ಮ್ಯಾನುಯಲ್ ಹೇಳಿದಷ್ಟೇ ಇರಬೇಕು. ಕಣ್ಣಂದಾಜು ನಡೆಯುವುದಿಲ್ಲ. ಪೆಟ್ರೋಲ್ ಪೈಪ್ ಹಳದಿಯಾಗಿ ಗಡಸಾಗಿದ್ದರೆ ಅದನ್ನೂ ಎಸೆಯಿರಿ. ಎಂಜಿನ್ ಓಡುವಾಗ ಆ ಪೈಪಲ್ಲಿ ಗುಳ್ಳೆ ಸಾಲು ಹೋಗುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಅದನ್ನು ಸರಿ ಮಾಡದೆ ಟ್ಯೂನಿಂಗ್ ಶುರು ಮಾಡಿದರೆ ಇಡೀ ದಿನ ಹಾಳು.

ಎಂಜಿನ್ ಚೆನ್ನಾಗಿ ಬಿಸಿ ಆಗಲಿ. ಮೊದಲು ಎಲ್. ಐಡಲಿಂಗಲ್ಲಿ ನಿಂತು, ಥ್ರಾಟಲ್ ಕೊಟ್ಟ ಕೂಡಲೇ "ಬ್ವಾ..." ಅಂತ ಮುಗ್ಗರಿಸಿದರೆ ಲೀನ್. ಹೊಗೆ ಉಗುಳುತ್ತಾ ಕೆಮ್ಮಿಕೊಂಡು ಎದ್ದರೆ ರಿಚ್. ಒಂದು ಸಲಕ್ಕೆ ಗಡಿಯಾರದ ಐದು ನಿಮಿಷದಷ್ಟು ಮಾತ್ರ ತಿರುಗಿಸಿ.

ಆಮೇಲೆ ಎಚ್. ಇಲ್ಲಿ ತಾಳ್ಮೆ ಬೇಕು. ಮ್ಯಾನುಯಲ್ ಹೇಳಿದ್ದಕ್ಕಿಂತ ಸ್ವಲ್ಪ ಬಿಚ್ಚಿಯೇ ಶುರು ಮಾಡಿ. ಟ್ರಾಲಿ ಮೇಲೆ ಫುಲ್ ಥ್ರಾಟಲ್ ಕೊಟ್ಟು ಆರ್‌ಪಿಎಂ ನೋಡಿ, ನಿಲ್ಲಿಸಿ. ಎಂಜಿನ್ ನಿಂತಮೇಲೆ ಸೂಜಿ ಒಂಚೂರು ಬಿಗಿಯಿರಿ. ಓಡುವ ಪ್ರೊಪೆಲ್ಲರ್ ಹತ್ತಿರ ಸ್ಕ್ರೂಡ್ರೈವರ್ ಹಿಡಿದು ಬಗ್ಗುವವರನ್ನು ನೋಡಿದ್ದೇನೆ, ನೋಡಿದರೆ ಹೊಟ್ಟೆ ತೊಳಸುತ್ತದೆ. ಮತ್ತೆ ಓಡಿಸಿ. ಆರ್‌ಪಿಎಂ ಏರುತ್ತಾ ಏರುತ್ತಾ ಒಂದು ಕಡೆ ನಿಲ್ಲುತ್ತದೆ. ಅದೇ ಶಿಖರ. ಅಲ್ಲಿ ಬಿಡಬೇಡಿ! ಅಲ್ಲಿಂದ ವಾಪಸ್ ಬಿಚ್ಚುತ್ತಾ 150 ಆರ್‌ಪಿಎಂ ಇಳಿಯುವವರೆಗೆ ಬನ್ನಿ. ಯಾಕೆಂದರೆ ಆಕಾಶದಲ್ಲಿ ಮುಂದೆ ಸಾಗುವಾಗ ಪ್ರೊಪೆಲ್ಲರ್ ಮೇಲಿನ ಹೊರೆ ಕಡಿಮೆಯಾಗಿ ಆರ್‌ಪಿಎಂ ತಾನಾಗೇ ಸ್ವಲ್ಪ ಏರುತ್ತದೆ. ನೆಲದಲ್ಲಿ ಶಿಖರಕ್ಕೆ ಕಟ್ಟಿದ ಎಂಜಿನ್ ಮೇಲೆ ಲೀನ್ ಆಗುತ್ತದೆ. ಆ ಕೊನೆಯ 150 ಆರ್‌ಪಿಎಂ ಕೊಡುವ ಥ್ರಸ್ಟ್ ನನಗೆ ಬೇಡ.

ಪ್ಲಗ್ ಬಿಚ್ಚಿ ನೋಡುವುದನ್ನು ಈಗಲೂ ಬಿಟ್ಟಿಲ್ಲ. ಫುಲ್ ಥ್ರಾಟಲಲ್ಲೇ ಕಿಲ್ ಸ್ವಿಚ್ ಒತ್ತಿ, ತಣ್ಣಗಾದಮೇಲೆ ಬಿಚ್ಚಬೇಕು. ಬಿಳಿ ಪಿಂಗಾಣಿಯ ಬುಡದಲ್ಲಿ ಕಾಫಿ ಬಣ್ಣದ ಉಂಗುರ ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಲೀನ್. ಪಿಂಗಾಣಿ ಮೇಲೆ ಪುಟ್ಟ ಪುಟ್ಟ ಬೆಳ್ಳಿ ಚುಕ್ಕಿ ಕಂಡರೆ ಅದು ನಿಮ್ಮ ಪಿಸ್ಟನ್‌ನ ಅಲ್ಯೂಮಿನಿಯಂ, ಇನ್ನು ಒಂದು ನಿಮಿಷವೂ ಓಡಿಸಬೇಡಿ. ಪ್ಲಗ್ ಬದಲಾಯಿಸುವಾಗ ನೆನಪಿಡಿ, ಎನ್‌ಜಿಕೆಯಲ್ಲಿ ನಂಬರ್ ಜಾಸ್ತಿ ಆದಷ್ಟೂ ಪ್ಲಗ್ ತಂಪು, ಬಾಷ್‌ನಲ್ಲಿ ಉಲ್ಟಾ.

ಇಷ್ಟು ಮಾಡಿದಮೇಲೆ 62.

ಸೈಲೆನ್ಸರ್, ರೀಡ್

ಟೂ-ಸ್ಟ್ರೋಕ್ ಸೈಲೆನ್ಸರ್ ಬರೀ ಸದ್ದು ತಗ್ಗಿಸುವ ಡಬ್ಬ ಅಲ್ಲ. ಅದರ ಹೊಟ್ಟೆಯ ಆಕಾರ ಹೊಗೆಯ ಅಲೆಯನ್ನು ವಾಪಸ್ ಕಳಿಸಿ, ತಪ್ಪಿಸಿಕೊಳ್ಳಲು ಹೊರಟ ಪೆಟ್ರೋಲನ್ನು ಸಿಲಿಂಡರಿಗೆ ಹಿಂದಕ್ಕೆ ತಳ್ಳುತ್ತದೆ. ಅದನ್ನು ಕತ್ತರಿಸಿದರೆ ಸದ್ದು ಜಾಸ್ತಿ, ಶಕ್ತಿ ಕಮ್ಮಿ. ಜಾಯಿಂಟಲ್ಲಿ ಕಪ್ಪು ಎಣ್ಣೆ ಸುರಿದ ಗುರುತಿದ್ದರೆ ಅಲ್ಲಿಂದ ಅಲೆ ಸೋರುತ್ತಿದೆ. ಪ್ಯಾಕಿಂಗ್ ಹಾಕಿ, ಸ್ಪ್ರಿಂಗ್ ಬದಲಾಯಿಸಿ. ಎಗ್ಸಾಸ್ಟ್ ಬಾಯಿಯ ಕಾರ್ಬನ್ನನ್ನು ಮರದ ಚಕ್ಕೆಯಲ್ಲಿ ಕೆರೆಯಿರಿ, ಸ್ಕ್ರೂಡ್ರೈವರಲ್ಲಿ ಬೇಡ. ರೀಡ್ ವಾಲ್ವನ್ನು, ಅಂದರೆ ಮಿಶ್ರಣವನ್ನು ಒಳಗೆ ಮಾತ್ರ ಬಿಡುವ ತೆಳು ಎಲೆಗಳ ಕವಾಟವನ್ನು, ಬೆಳಕಿಗೆ ಹಿಡಿದು ನೋಡಿ. ಎಲೆ ತುದಿ ಮುರಿದಿದ್ದರೆ ಅಥವಾ ಸಂದು ಕಂಡರೆ ಹೊಸದು. ಇದರಿಂದ ಒಂದು ಕೆಜಿ, 63.

ಪ್ರೊಪೆಲ್ಲರ್

ಎಂಜಿನ್ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಇದನ್ನು ಮರೆಯುತ್ತಾರೆ. ಹುಲ್ಲು, ಮರಳು ಬಡಿದು ಅಂಚು ಗರಗಸ ಆಗಿರುತ್ತದೆ. ನಾನು ಎಪಾಕ್ಸಿ ತುಂಬಿ, ನೀರುಕಾಗದದಲ್ಲಿ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜಿ ನಯ ಮಾಡಿದೆ. ಅದು ಮೇಲ್ಮೈಯ ಚಿಪ್ಪಿಗೆ ಮಾತ್ರ. ಬಿರುಕು ಒಳಗೆ ಹೋಗಿದ್ದರೆ ಪ್ರೊಪೆಲ್ಲರನ್ನು ಗೋಡೆಗೆ ನೇತುಹಾಕಿ ಅಲಂಕಾರ ಮಾಡಿಕೊಳ್ಳಿ.

ಆಮೇಲೆ ಬ್ಯಾಲೆನ್ಸ್. ನಡುವಿನ ತೂತಿಗೆ ಸರಿಯಾಗಿ ಕೂರುವ ಸರಳು ತೂರಿಸಿ, ಸಮಮಟ್ಟ ಇರುವ ಎರಡು ಬ್ಲೇಡಿನ ಅಂಚಿನ ಮೇಲೆ ಇಡಿ. ಒಂದು ಕಡೆ ಇಳಿದರೆ ಇನ್ನೊಂದು ತುದಿಗೆ ಲ್ಯಾಕರ್ ಬಳಿಯುತ್ತಾ ಸಮ ಮಾಡಿ. ಒಂದು ಗ್ರಾಮಿಗೆ ಇಷ್ಟು ಗಲಾಟೆ ಯಾಕೆ ಅಂದರೆ, ಲೆಕ್ಕ ಹಾಕಿ ನೋಡಿ. 125 ಸೆಂಟಿಮೀಟರ್ ಪ್ರೊಪೆಲ್ಲರ್ ನಿಮಿಷಕ್ಕೆ 2700 ಸುತ್ತು ತಿರುಗುವಾಗ, ತುದಿಯಲ್ಲಿರುವ ಒಂದು ಗ್ರಾಂ ಹೊರಕ್ಕೆ ಎಳೆಯುವ ಬಲ ಐದು ಕೆಜಿ. ಅಷ್ಟು ಬಲ ಸೆಕೆಂಡಿಗೆ 45 ಸಲ ನಿಮ್ಮ ಬೇರಿಂಗ್, ಫ್ರೇಮು, ಬೆನ್ನುಮೂಳೆ ಎಲ್ಲವನ್ನೂ ಅಲ್ಲಾಡಿಸುತ್ತದೆ. ಮುಂಚೆ ಇನ್‌ಟೇಕ್ ರಬ್ಬರ್ ಬಿರಿದದ್ದೂ ಈ ನಡುಕದಿಂದಲೇ ಅಂತ ನನ್ನ ಅನುಮಾನ. ಥ್ರಸ್ಟ್ 64 ಆಯಿತು.

ನಡುಕದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಪ್ರೊಪೆಲ್ಲರ್ ಇರುವುದು ಎಂಜಿನ್ ಹಿಂದೆ. ಸಡಿಲವಾದ ಒಂದು ನಟ್ ಬಿದ್ದರೂ ಹೋಗುವುದು ಅದರೊಳಕ್ಕೇ. ಬಿಚ್ಚಿದ ಪ್ರತಿ ಬೋಲ್ಟನ್ನೂ ಟಾರ್ಕ್ ಸ್ಪ್ಯಾನರಲ್ಲಿ ಬಿಗಿದು, ಬೋಲ್ಟಿಂದ ಲೋಹದ ಮೇಲಕ್ಕೆ ಉಗುರುಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ಅರ್ಥ. ನನ್ನ ಎಂಜಿನ್ ತುಂಬ ಮಗಳ ಗುಲಾಬಿ ಬಣ್ಣ. ಗೆಳೆಯರು ನಗುತ್ತಾರೆ. ನಗಲಿ.

ಏಳು ಕೆಜಿಯಿಂದ ಏನು ಮಹಾ ಆಯಿತು ಅಂತ ಅಕ್ಕನ ಮಗ ಕೇಳಿದ. ನಾನು, ರೆಕ್ಕೆ, ಎಂಜಿನ್, ಪೆಟ್ರೋಲ್ ಎಲ್ಲಾ ಸೇರಿ 120 ಕೆಜಿ. ಅಷ್ಟು ಥ್ರಸ್ಟ್ ಜಾಸ್ತಿ ಆದರೆ ಏರುವ ವೇಗ ಸೆಕೆಂಡಿಗೆ ಅರ್ಧ ಮೀಟರ್ ಹತ್ತಿರ ಜಾಸ್ತಿ. ಒಂದು ನಿಮಿಷದಲ್ಲಿ ತೆಂಗಿನಮರದ ಒಂದೂವರೆ ಪಟ್ಟು. ಹೊಲದ ತುದಿಯಲ್ಲಿ ತೆಂಗಿನ ಸಾಲು ಇರುವವನಿಗೆ ಅದರ ಬೆಲೆ ಗೊತ್ತು.

ಕೊನೆಗೆ, ಇಲ್ಲಿ ಹೊಂದಿಸಿದ ಎಂಜಿನನ್ನು ಕರಾವಳಿಗೆ ತಗೊಂಡು ಹೋಗುವವರಿಗೆ. ಘಟ್ಟ ಇಳಿದರೆ ಗಾಳಿ ದಪ್ಪ. ಮೈಸೂರಲ್ಲಿ ಸರಿಯಾಗಿದ್ದ ಎಚ್ ಸೂಜಿ ಅಲ್ಲಿ ಲೀನ್ ಆಗುತ್ತದೆ. ಸಮುದ್ರದ ಗಾಳಿಗೆ ಥ್ರಸ್ಟ್ ಜಾಸ್ತಿ ಸಿಗುತ್ತದೆ, ಎಲ್ಲಾ ಸೊಗಸಾಗಿದೆ ಅನ್ನಿಸುತ್ತದೆ, ಅಷ್ಟರಲ್ಲಿ ಹೆಡ್ ಟೆಂಪರೇಚರ್ ಏರಿರುತ್ತದೆ. ನಾನು ಗಾಡಿಯಿಂದ ಇಳಿಸಿದ ತಕ್ಷಣ ಎಚ್ ಸೂಜಿಯನ್ನು ಒಂದು ಸುತ್ತಿನ ಎಂಟನೇ ಒಂದು ಭಾಗ ಎಡಕ್ಕೆ ಬಿಚ್ಚುತ್ತೇನೆ. ಆಮೇಲೆ ನೆಲದಲ್ಲಿ ಓಡಿಸಿ ನೋಡಿ ಹೊಂದಿಸುತ್ತೇನೆ. ವಾಪಸ್ ಘಟ್ಟ ಹತ್ತಿದಮೇಲೆ ಬಲಕ್ಕೆ ಅಷ್ಟೇ. ಮರೆಯಬಾರದು ಅಂತ ಟ್ಯಾಂಕ್ ಮೇಲೆ ಮಾರ್ಕರಲ್ಲಿ ಬರೆದಿಟ್ಟಿದ್ದೇನೆ: "ಕೆಳಗೆ ಹೋದ್ರೆ ಬಿಚ್ಚು".